ಹೊಗೆ ಮಾವ
ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿಗಳ ನಮ್ಮ ಕೂಟದಲ್ಲಿ ಹೊಗೆ ಮಾವನನ್ನು ಕೇಳದೆ ಯಾರೂ ಮದ್ದು ಕೊಳ್ಳುತ್ತಿರಲಿಲ್ಲ. ಕೇಳದಿದ್ದರೂ ಅವರು ಅಂಗಡಿಗೆ ಬೆನ್ನು ಹತ್ತಿ ಬಂದುಬಿಡುತ್ತಿದ್ದರು. ಚಿನ್ನ ಕೊಳ್ಳಲು ಬಂದವರಂತೆ ಕುರ್ಚಿ ಎಳೆದು ಕೂತು, ಚಿಟಿಕೆ ಮದ್ದನ್ನು ಬೆರಳಲ್ಲಿ ಉಜ್ಜಿ, ಮೂಸಿ, "ನಿನ್ನ ನಳಿಗೆ ಅಗಲ ಕಣೋ, ದಪ್ಪ ಕಾಳಿಂದೇ ತಗೋ" ಎಂದು ತೀರ್ಪು ಕೊಡುತ್ತಿದ್ದರು. ಹೊಗೆಯೂ ಮಸಿಯೂ ಕಡಿಮೆಯಿರುವ ಹೊಸ ಮದ್ದನ್ನು ಅಂಗಡಿಯಾಕೆ ತೋರಿಸಿದರೆ ಮಾತ್ರ ಮೈಯೆಲ್ಲ ಉರಿ: "ಹೊಗೆ ಬರದ ಮೇಲೆ ಅದೆಂಥಾ ಮದ್ದಮ್ಮಾ? ಮಗೂಗೆ ಹಚ್ಚೋ ಪೌಡರೇ ವಾಸಿ!" ಅವರು ಕೋವಿ ಹಾರಿಸಿದರೆ ಮೋಡವೇ ನೆಲಕ್ಕಿಳಿದಂತೆ. ನಾವೆಲ್ಲ ಕೆಮ್ಮುತ್ತ, ಕಣ್ಣುಜ್ಜುತ್ತ, ಗುರಿಹಲಗೆ ಕಾಣದೆ ನಿಂತಿದ್ದರೆ ಹೊಗೆಯೊಳಗಿಂದ ಅವರ ಖುಷಿಯ ದನಿ ಬರುತ್ತಿತ್ತು: "ಎಲ್ಲಿ ಬಿತ್ರೋ?" ಹೊಗೆ ಚದುರಿದ ಮೇಲೆ ನಮ್ಮಲ್ಲೊಬ್ಬರು ನೋಡಿ ಹೇಳುತ್ತಿದ್ದರು. ಒಮ್ಮೆ ಅವರ ಮದ್ದು ತೀರಿಹೋಗಿತ್ತು. "ಒಂದೇ ಒಂದ್ಸಲ ಮಾವಾ" ಎಂದು ದುಂಬಾಲು ಬಿದ್ದು ಹೊಸ ಮದ್ದು ತುಂಬಿಸಿದೆವು. ಗುಂಡು ಹಾರಿತು, ತೆಳ್ಳನೆಯ ಹೊಗೆ ಗಾಳಿಗೆ ತೇಲಿಹೋಯಿತು. ನಡುಹಗಲ ಬಿಸಿಲಲ್ಲಿ ಹಲಗೆಯ ಮೂಲೆಯ ತೂತು ಎಲ್ಲರ ಕಣ್ಣಿಗೂ ಹೊಡೆಯುತ್ತಿತ್ತು. "ಎಲ್ಲಿ ಬಿತ್ರೋ?" ಎಂದರು ಮಾವ. "ಮೂಲೇಲಿ ಮಾವಾ" ಎಂದು ನಮ್ಮಲ್ಲೊಬ್ಬ ದನಿ ತಗ್ಗಿಸಿ ಹೇಳಿದ. ಹೊಗೆ ಕವಿದಾಗಷ್ಟೇ ಅವರ ಕಣ್ಣೂ ನಮ್ಮ ಕಣ್ಣೂ ಒಂದೇ ಆಗುತ್ತಿದ್ದವೆಂದು ಆಗ ಹೊಳೆಯಿತು. ನಮಗೆ ಹೊಳೆದದ್ದು ಅವರಿಗೂ ತಿಳಿಯಿತು. ಕೋವಿಯನ್ನು ನಿಧಾನವಾಗಿ ಒರೆಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಈಗ ನಾವೆಲ್ಲ ಹಳೇ ಮದ್ದನ್ನೇ ತುಂಬುತ್ತೇವೆ. ಕಣ್ಣು ಕಾಣದಷ್ಟು ಹೊಗೆ ಏಳುತ್ತದೆ; ಎಲ್ಲಿ ಬಿತ್ತೆಂದು ಕೇಳುವವರಿಲ್ಲ.