ನೇರಳೆ ಆನೆಯ ಹಾಡಿನ ಅರ್ಥ

ಮೊನ್ನೆ ಆಲ್ದೂರಿನಲ್ಲಿ ಚಿಕ್ಕಪ್ಪನ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಟಾರ್ಪಾಲಿನ ಮೇಲೆ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿಸಿಹಿ ವಾಸನೆ ಮೂಗಿಗೆ ಬಡಿಯಿತು, ನನಗೆ ಸೈಕಲ್ ತುಳಿಯುವ ಆನೆ ನೆನಪಾಯಿತು. ನಗಬೇಡಿ. ತೊಂಬತ್ತರ ದಶಕದಲ್ಲಿ ಜಾವಳಿಯ ನಮ್ಮ ಮನೆಯಲ್ಲಿ ಅಂಥದ್ದೊಂದು ಆನೆ ಇತ್ತು, ಚಿಕ್ಕಪ್ಪನ ಹಾಡಿನಲ್ಲಿ. ಯಾವುದೋ ವಿದೇಶಿ ಕ್ಯಾಸೆಟ್ ಕೇಳಿ ಹುಚ್ಚು ಹತ್ತಿಸಿಕೊಂಡಿದ್ದ ಅವನು, ತಂತಿ ಕಿತ್ತುಹೋದ ಗಿಟಾರ್ ಹಿಡಿದು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ.

ಕಣದಲ್ಲಿ ಇರುತ್ತಿದ್ದವಳು ಅತ್ತೆ, ಅವನ ಅಕ್ಕ. ಹಿಂದೆ ಹೆಂಚು ಹಾರುವಂತೆ ನಗುತ್ತಿದ್ದವಳು, ಗಂಡ ತೀರಿಕೊಂಡು ತವರಿಗೆ ಬಂದ ಮೇಲೆ ತುಟಿಯನ್ನೇ ಬಿಚ್ಚುತ್ತಿರಲಿಲ್ಲ. ಕಾಫಿ ಒಂದೇ ಸಮ ಒಣಗಬೇಕಲ್ಲ, ಹರಡಿದ ಹಣ್ಣಿನ ನಡುವೆ ಬರಿಗಾಲು ಎಳೆಯುತ್ತ ಸಾಲು ಮಾಡಿಕೊಂಡು ಹಗಲಿಡೀ ನಡೆಯುತ್ತಿದ್ದಳು. ಸರ್, ಸರ್ ಎಂಬ ಆ ಸದ್ದೇ ಚಿಕ್ಕಪ್ಪನಿಗೆ ತಾಳ.

"ನೇರಳೆ ಬಣ್ಣದ ಆನೆ ಬಂತು, ಸೈಕಲ್ ತುಳೀತಾ ಬಂತು,
ಚಂದ್ರನ್ ಅರೆದು ಚಟ್ನಿ ಮಾಡಿ ಊರಿಗೆಲ್ಲ ಹಂಚ್ತು."

ಊರಿಗೆ ಊರೇ ಅರ್ಥ ಹುಡುಕಿತು. ಪೂಜೆಗೆ ಬಂದ ಭಟ್ಟರು ಆನೆಯೆಂದರೆ ಅಹಂಕಾರ, ಚಂದ್ರನೆಂದರೆ ಮನಸ್ಸು ಎಂದರು. ನಾನು ಅದನ್ನೇ ಶಾಲೆಯಲ್ಲಿ ಹೇಳಿ ಮೆರೆದೆ. ಅಜ್ಜಿ ಮಾತ್ರ, "ಪಿತ್ತ ನೆತ್ತಿಗೇರಿದೆ ಕಣ್ರೇ, ತಲೆಗೆ ಎಣ್ಣೆ ತಟ್ಟಿ" ಎಂದಳು. ಅತ್ತೆಯ ಮುಖ ಮಾತ್ರ ಅರಳಲೇ ಇಲ್ಲ.

ಒಂದು ಬೆಳಿಗ್ಗೆ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೈಕಲ್ ಸಮೇತ ಕಣದ ಅಂಚಿಗೇ ಬಂದರು. ಮೊದಲೇ ಭಾರೀ ಆಳು, ಮೇಲೆ ಹೆಂಡತಿ ಹೆಣೆದ ನೇರಳೆ ಸ್ವೆಟರ್.

"ಆನೆ ಅಂದ್ರೆ ನಾನೇ ಅಂತ ಪೇಟೆಲೆಲ್ಲ ನಗ್ತಾರೆ ಮಾರಾಯ್ರೆ. ಆ ಹಾಡಿನ ಅರ್ಥ ಎಂಥದು, ಈಗ್ಲೇ ಹೇಳಿ!"

ಚಿಕ್ಕಪ್ಪ ಗಾಬರಿಯಾಗಿ, "ನಿಮ್ಮಾಣೆ ಅಲ್ಲ ರೈಟ್ರೇ! ನನ್ ಆನೆ ಸ್ವೆಟರ್ ಹಾಕೋದಿಲ್ಲ" ಎಂದ.

ಅತ್ತೆಯ ಕಾಲು ನಿಂತಿತು. ಸ್ವೆಟರ್ ನೋಡಿದಳು, ಸೈಕಲ್ ನೋಡಿದಳು, ಹೊಟ್ಟೆ ಹಿಡಿದುಕೊಂಡು ಕಾಫಿಯ ಮೇಲೇ ಕೂತು ನಗತೊಡಗಿದಳು. ರೈಟರು ಕಕ್ಕಾಬಿಕ್ಕಿಯಾಗಿ, ಕೊನೆಗೆ ತಾವೂ ನಕ್ಕರು. ಒಳಗಿಂದ ಓಡಿಬಂದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅರ್ಥ ಎಂಥದೂ ಇಲ್ಲ ಮಾರಾಯ್ತಿ. ಅಕ್ಕ ಒಂದ್ಸಲ ನಗ್ಲಿ ಅಂತ ಕಟ್ಟಿದ್ದು," ಎಂದ ಚಿಕ್ಕಪ್ಪ ಆ ಸಂಜೆ ನನಗೆ.

ಈಗ ಅತ್ತೆ ಇಲ್ಲ. ಜಾವಳಿಯ ಮನೆ ಬೇರೆಯವರದ್ದಾಗಿ, ಕಣದಲ್ಲಿ ಪ್ರವಾಸಿಗರ ಕಾರುಗಳು ನಿಲ್ಲುತ್ತವೆ. ನೆನೆದರೆ ಸಂಕಟವಾಗುತ್ತದೆ, ಮರುಗಳಿಗೆ ಆ ಸ್ವೆಟರ್ ನೆನಪಾಗಿ ನಗುವೂ ಬರುತ್ತದೆ. ಮೊನ್ನೆ ಆ ಹಾಡು ಹೇಳೆಂದು ಚಿಕ್ಕಪ್ಪನಿಗೆ ದುಂಬಾಲು ಬಿದ್ದೆ. ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟ.

"ತಾಳ ಇಲ್ವಲ್ಲೇ," ಎಂದ.

ನಾನು ಚಪ್ಪಲಿ ಬಿಟ್ಟು ಕಾಫಿಗೆ ಇಳಿದು ಕಾಲೆಳೆಯುತ್ತ ನಡೆದೆ. ಸರ್, ಸರ್. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಎರಡನೆಯ ಸಾಲು ಎತ್ತಿಕೊಂಡ.