ಐದನೆಯ ಪ್ರಶ್ನೆಗೆ ನಾನು ಒತ್ತಿದ ‘ಇಲ್ಲ’

ಕೋವಿಡ್ ಕಳೆದ ಮರುವರ್ಷ. ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಫಿಸಿಯೋಥೆರಪಿಸ್ಟ್ ಆಗಿ ಒಂದು ಟ್ರಸ್ಟಿನ ಸೊಂಟನೋವು ಕ್ಲಿನಿಕ್ ನೋಡಿಕೊಳ್ಳುತ್ತಿದ್ದೆ. ಮಂಗಳವಾರ ನಂಜನಗೂಡು, ಶುಕ್ರವಾರ ಬನ್ನೂರು. ಆ ವರ್ಷ ನನ್ನ ಕೈಗೊಂದು ಟ್ಯಾಬ್ ಬಂತು. ಅದರಲ್ಲಿದ್ದದ್ದು ‘ಡಿಸಿಷನ್ ಸಪೋರ್ಟ್ ಟೂಲ್’, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂದು ದಾರಿ ತೋರಿಸುವ ತಂತ್ರಾಂಶ. ರೋಗಿಗೆ ಹನ್ನೆರಡು ಪ್ರಶ್ನೆ ಕೇಳಿ ಉತ್ತರ ಒತ್ತಬೇಕು. ಹಸಿರು ಬಂದರೆ ವ್ಯಾಯಾಮ, ನಡಿಗೆ, ಧೈರ್ಯದ ಮಾತು. ಹಳದಿ ಬಂದರೆ ವಾರವಾರ ಥೆರಪಿ. ಕೆಂಪು ಬಂದರೆ ಅದೇ ದಿನ ಮೈಸೂರಿಗೆ.

ಅದಕ್ಕೂ ಮೊದಲು ಸೊಂಟ ಹಿಡಿದವರೆಲ್ಲ ಸ್ಕ್ಯಾನಿಂಗಿಗೆ ಓಡುತ್ತಿದ್ದರು, ಇಲ್ಲವೇ ತಿಂಗಳುಗಟ್ಟಲೆ ಮಲಗಿ ಇನ್ನಷ್ಟು ಕೆಡುತ್ತಿದ್ದರು. ಟೂಲ್ ಬಂದ ಮೇಲೆ ಅದು ಕಡಿಮೆಯಾಯಿತು. ಟ್ಯಾಬ್ ಹಿಡಿದು ಸ್ವಲ್ಪ ಮೆರೆದೆ, ಸುಳ್ಳೇಕೆ ಹೇಳಲಿ.

ಒಂದು ಶುಕ್ರವಾರ ಮುಡುಕುತೊರೆ ಕಡೆಯ ಹಳ್ಳಿಯಿಂದ ಶಿವಮ್ಮ ಬಂದಳು. ವಯಸ್ಸು ಮೂವತ್ತನಾಲ್ಕು, ಭತ್ತದ ನಾಟಿ ಕೆಲಸ. ಆಟೋದಲ್ಲಿ ಕರೆತಂದವನು ಅವಳ ಗಂಡನ ಅಣ್ಣ. ಭಾವನ ಎದುರು ಕೂರುವ ರೂಢಿಯಿಲ್ಲ. ಅಷ್ಟು ನೋವಿನಲ್ಲೂ ಅವಳು ಸೆರಗು ಹೊದ್ದು ಗೋಡೆ ಹಿಡಿದು ನಿಂತೇ ಇದ್ದಳು. ನಾನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಹೇಳುತ್ತಿದ್ದ.

ಐದನೆಯ ಪ್ರಶ್ನೆ: ಮೂತ್ರದ ಹಿಡಿತ ತಪ್ಪಿದೆಯೇ, ತೊಡೆಸಂದಿಯಲ್ಲಿ ಮರಗಟ್ಟಿದೆಯೇ? ಜರುಗಿದ ಡಿಸ್ಕ್ ಮೂತ್ರಕೋಶದ ನರಗಳನ್ನು ಒತ್ತುತ್ತಿದ್ದರೆ ಹಾಗಾಗುತ್ತದೆ. ಆಗ ತಡಮಾಡದೆ ಆಪರೇಷನ್ ಆಗಬೇಕು. ಆ ಪ್ರಶ್ನೆಯನ್ನು ಅಲ್ಲಿದ್ದಂತೆ ಓದಲು ನನಗೇ ಸಂಕೋಚವಾಯಿತು. ಟ್ಯಾಬ್ ನೋಡುತ್ತಲೇ, “ಒಂದಕ್ಕೆ ಗಿಂದಕ್ಕೆ ಏನೂ ತೊಂದ್ರೆ ಇಲ್ಲ ತಾನೇ?” ಎಂದೆ.

“ಅದೆಲ್ಲ ಏನಿಲ್ಲ ಸಾ, ಬರೀ ಸ್ವಾಂಟ ಕಣ್ರೀ,” ಎಂದ ಭಾವ.

ಶಿವಮ್ಮ ತಲೆ ತಗ್ಗಿಸಿದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ‘ಇಲ್ಲ’ ಒತ್ತಿದೆ. ಹಸಿರು ಬಂತು. “ಮಲಗಬೇಡಮ್ಮ, ಓಡಾಡು, ಹೆದರೋದೇನಿಲ್ಲ,” ಎಂದು ವ್ಯಾಯಾಮದ ಹಾಳೆ ಕೊಟ್ಟು ಕಳಿಸಿದೆ.

ಮುಂದಿನ ಶುಕ್ರವಾರ ಅವಳ ಅಕ್ಕ ಕರೆತಂದಳು. ಬಾಗಿಲಲ್ಲೇ ಮೂತ್ರದ ವಾಸನೆ ಬಂತು. ಶಿವಮ್ಮ ಸೀರೆಯೊಳಗೆ ಹಳೆಯ ಪಂಚೆ ಮಡಿಸಿ ಕಟ್ಟಿಕೊಂಡಿದ್ದಳು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

“ಇಲ್ಲಿಗೆ ಬಂದಿದ್ನಲ್ಲ ಸಾ, ಅವತ್ತು ಬೆಳಿಗ್ಗೇಲಿಂದ್ಲೂವೆ. ಬಂದುದ್ದೇ ಗೊತ್ತಾಯ್ತಿರ್ಲಿಲ್ಲ. ಬಾವ್ನೋರ್ ಮುಂದೆ ಎಂಗ್ ಯೋಳ್ಲಿ?”

ಅದೇ ದಿನ ಮೈಸೂರಿನಲ್ಲಿ ಆಪರೇಷನ್ ಆಯಿತು. ಕಾಲಿನ ಬಲ ಉಳಿಯಿತು, ಮೂತ್ರದ ಹಿಡಿತ ಬರಲಿಲ್ಲ. “ವಾರದ ಹಿಂದೆ ಬಂದಿದ್ದರೆ ನೋಡಬಹುದಿತ್ತು,” ಎಂದರು ಸರ್ಜನ್. ಈಗ ಅವಳು ದಿನಕ್ಕೆ ಐದು ಸಲ ತಾನೇ ನಳಿಕೆ ಹಾಕಿಕೊಂಡು ಮೂತ್ರ ತೆಗೆಯಬೇಕು. ನಾಟಿಗೆ ಹೋಗುವುದಿಲ್ಲ, ಬಸ್ಸು ಹತ್ತುವುದಿಲ್ಲ. ತಂಗಿಯ ಮದುವೆಗೂ ಹೋಗಲಿಲ್ಲ.

ಟ್ರಸ್ಟಿನವರು ಪರಿಶೀಲಿಸಿದರು. ಟೂಲ್ ಸರಿಯಾಗಿಯೇ ಕೆಲಸ ಮಾಡಿದೆ, ದಾಖಲಾದ ಉತ್ತರ ತಪ್ಪು ಎಂದು ಬರೆದು ಫೈಲ್ ಮುಚ್ಚಿದರು. ನಿಮ್ಮದೇನೂ ತಪ್ಪಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಆ ಮಾತಿನಷ್ಟು ಮತ್ತೇನೂ ನನ್ನನ್ನು ಸುಟ್ಟಿಲ್ಲ. ಉತ್ತರ ಒತ್ತಿದ ಬೆರಳು ಯಾರದು?

ಆಮೇಲಿನ ಮೂರು ವರ್ಷ ಜೊತೆಯವರನ್ನೆಲ್ಲ ಆಚೆ ಕಳಿಸಿ, ನರ್ಸ್ ಒಬ್ಬರನ್ನು ಪಕ್ಕದಲ್ಲಿರಿಸಿಕೊಂಡು, ಐದನೆಯ ಪ್ರಶ್ನೆಯನ್ನು ಮುಖ ನೋಡಿ, ಬಿಡಿಸಿ ಕೇಳಿದೆ. ಈ ವೃತ್ತಿ ನನಗೆ ಕಲಿಸಿದ ಪಾಠ ಅದೊಂದೇ. ಅದರಿಂದ ಶಿವಮ್ಮನಿಗೆ ಏನೂ ಪ್ರಯೋಜನವಾಗಲಿಲ್ಲ.

ನಿವೃತ್ತಿಯ ವಾರ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಾಫಿ ಕೊಟ್ಟು ಹೊಸ್ತಿಲ ಬಳಿ ಕೂತಳು.

“ನೀವು ಕೈಲಿದ್ದ ಆ ಮಿಸೀನ್ನೇ ನೋಡ್ತಿದ್ರಿ ಸಾ,” ಎಂದಳು. “ಒಂದ್ಸಲ ನನ್ ಕಡೀಕ್ ನೋಡುದ್ರೆ ಕಣ್ಣಲ್ಲಾರ ಯೋಳನ ಅಂತ ಕಾಯ್ತಾ ನಿಂತಿದ್ದೆ.”