ಅನ್ರಿಜಾಳ ಸೋದರತ್ತೆ

ಗೋವಿಂದರಾಜನಗರದ ಪಾತ್ರೆ ಅಂಗಡಿ ಜಗದಾಂಬಾಳ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ, ಪಾತ್ರೆಯ ಮೇಲೆ ಹೆಸರು ಕೊರೆಯುವ ಮೆಷಿನನ್ನೂ ಅವಳೇ ನಡೆಸುತ್ತಿದ್ದಳು. ನಾಮಕರಣಕ್ಕೆ ಕೊಡಲು ಬಟ್ಟಲನ್ನೋ ಡಬ್ಬಿಯನ್ನೋ ಕೊಂಡು, ಇಂಥ ಹೆಸರು ಹಾಕಿಕೊಡಿ ಎಂದವರ ಪಾಡು ಮುಗಿದಂತೆಯೇ. ಮೆಷಿನ್ ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ. ಇದು ಮಗೂಗಾ, ಇಲ್ಲ ಮಾತ್ರೆ ಡಬ್ಬೀಗಾ?"

ಅಂಗಡಿ ತೆರೆದ ಹೊಸತರಲ್ಲಿ ಆ ಮೆಷಿನ್ ಶಂಭುಲಿಂಗಪ್ಪ, ಅಲಮೇಲಮ್ಮ ಎಂದೆಲ್ಲ ಕೊರೆಯುತ್ತಿತ್ತು. ಆಮೇಲೆ ಹೆಸರುಗಳು ಅಪ್ಪ, ಅಮ್ಮ ಎಂಬ ಬಾಲ ಕತ್ತರಿಸಿಕೊಂಡು ಯಶ್ವಂತ್, ಗಿರಿರಾಜ್ ಆದವು. ಅದಾದ ಮೇಲೆ ಸುಘೋಷ್, ತನ್ಮಯಿ ಬಂದವು. ಅವಕ್ಕೆ ಏನೋ ಒಂದು ಅರ್ಥವಿದೆಯಲ್ಲ ಎಂದು ಜಗದಾಂಬಾ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಈಗಿನವು ಯಾವ ಭಾಷೆಯವೆಂದು ಇಟ್ಟವರಿಗೇ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಅವರಿಗೊಂದು ಹೆಮ್ಮೆ. ಹಳೇ ಕಾಲದಲ್ಲಿ ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಿದ್ದರು. ಈಗ ಮನೆಯಲ್ಲಿ ಎಲ್ಲವೂ ಇದೆ, ಹೆಸರಿಗೇ ಗತಿಯಿಲ್ಲ ಎಂದು ಅವಳು ಬಂದವರ ಎದುರಿಗೇ ಹೇಳುತ್ತಿದ್ದಳು.

ಇಷ್ಟು ಜೋರಿಗೆ ಒಂದು ಕಾರಣವಿತ್ತು. ದಾವಣಗೆರೆ ಕಡೆಯ ಅವಳ ತವರಿನಲ್ಲಿ ಮಗುವಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕತಂಗಿ. ಅವಳು ಮಗುವನ್ನು ತೊಟ್ಟಿಲಿಗೆ ಹಾಕಿ, ಬಗ್ಗಿ, ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ್ದೇ ತಡ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿತ್ತೆಂದರೆ ಹೆಸರು ನಿಂತಿತು ಎಂದೇ ಲೆಕ್ಕ. ಅಲ್ಲಿಯವರೆಗೆ ಆ ಹೆಸರು ಸೋದರತ್ತೆಯ ಹೊಟ್ಟೆಯೊಳಗೇ ಇರಬೇಕು, ಹೆತ್ತವಳಿಗೂ ಹೇಳುವಂತಿಲ್ಲ. ಇಡೀ ಮನೆತನಕ್ಕೆ ಒಬ್ಬಳೇ ಹೆಣ್ಣಾದ ಜಗದಾಂಬಾ ದೊಡ್ಡಪ್ಪ ಚಿಕ್ಕಪ್ಪಂದಿರ ಮೊಮ್ಮಕ್ಕಳಿಗೆಲ್ಲ ಹೀಗೇ ಹೆಸರಿಟ್ಟು ಗುದ್ದು ತಿಂದಿದ್ದಳು. ಅವಳ ಬಾಯಿಗೆ ಬೇಸತ್ತು ಉಳಿದ ಯಾವ ಕೆಲಸಕ್ಕೂ ಕರೆಯದವರು ತೊಟ್ಟಿಲಿಗೆ ಮಾತ್ರ ಕರೆಯುತ್ತಿದ್ದರು. ಸ್ವಂತ ಮಕ್ಕಳಿಲ್ಲದ ಅವಳಿಗೆ ಲೋಕದಲ್ಲಿ ಇದ್ದದ್ದು ಅದೊಂದೇ ಮರ್ಯಾದೆ.

ತಮ್ಮ ಗಿರಿರಾಜನ ಮಗುವಿಗಾಗಿ ಅವಳು ಕಾದಷ್ಟು ಯಾರೂ ಕಾದಿರಲಿಲ್ಲ. ತಾಯಿ ನೀಲಮ್ಮ ಸತ್ತಾಗ ಅವನು ಇನ್ನೂ ಅಂಬೆಗಾಲಿಡುತ್ತಿದ್ದ, ಸಾಕಿದವಳು ಇವಳು. ಹೆಂಡತಿ ಬಸುರಿಯಾದಾಗ ಅವನೇ ಅಂಗಡಿಗೆ ಬಂದು "ಹೆಸರು ನೀನೇ ತರ್ಬೇಕು ಅಕ್ಕಾ" ಎಂದಿದ್ದ. ಹೆಣ್ಣಾದರೆ ನೀಲಾಂಬಿಕಾ ಎಂದು ಜಗದಾಂಬಾ ಅವತ್ತೇ ನಿಶ್ಚಯಿಸಿದಳು. ಅಮ್ಮನ ಹೆಸರೂ ಉಳಿಯುತ್ತದೆ, ಹಳತು ಎಂದು ಯಾರೂ ಮೂಗು ಮುರಿಯುವುದಿಲ್ಲ. ಹೆಣ್ಣೇ ಹುಟ್ಟಿತು. ಶಾಸ್ತ್ರದಂತೆ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಹಾಗೆ ಬಾಯಿ ಮುಚ್ಚಿಕೊಂಡಿದ್ದೇ ತಪ್ಪಾಯಿತು. ನಾಮಕರಣಕ್ಕೆ ವಾರವಿರುವಾಗ ಮೊಬೈಲಿಗೆ ಒಂದು ಆಮಂತ್ರಣ ಬಂತು. ಮೋಡದ ಮೇಲೆ ಕೂತ ಕರಡಿಮರಿ, ಅದರ ಕೆಳಗೆ ಮಿನುಗುವ ಅಕ್ಷರ: ವೆಲ್‌ಕಮ್ ಬೇಬಿ ಅನ್ರಿಜಾ.

ತಮ್ಮನ ಹೆಂಡತಿ ಅನಘಾಳಿಗೂ ಜಗದಾಂಬಾಳಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಆದರೂ ಆ ವಾರ ಅವಳು ಫೋನ್ ಮಾಡಿ ಜಗಳ ತೆಗೆಯಲಿಲ್ಲ. ಕೂತಲ್ಲಿ ನಿಂತಲ್ಲಿ ಕುದಿದಳು, ಒಂದು ತೀರ್ಮಾನಕ್ಕೆ ಬಂದಳು. ಅವರು ಎಲ್ಲಿ ಬೇಕಾದರೂ ಏನು ಬೇಕಾದರೂ ಬರೆಸಿಕೊಳ್ಳಲಿ, ಮಗುವಿನ ಕಿವಿಗೆ ಬೀಳುವುದು ನೀಲಾಂಬಿಕಾ ಎಂದೇ.

ಬಸವೇಶ್ವರನಗರದ ಪಾರ್ಟಿ ಹಾಲಿನಲ್ಲಿ ತೊಟ್ಟಿಲಿಗೆ ಪ್ಲಾಸ್ಟಿಕ್ ಹೂ ಸುತ್ತಿದ್ದರು. ಹಿಂದಿನ ಗೋಡೆಯ ಮೇಲೆ ಆ ಹೆಸರು ಲೈಟಿನಲ್ಲಿ ಉರಿಯುತ್ತಿತ್ತು.

"ಏನಿದು ಹೆಸರು?" ಜಗದಾಂಬಾ ಬಂದವಳೇ ಕೇಳಿದಳು.

"ಚೆನ್ನಾಗಿಲ್ವಾ ಅಕ್ಕ? ನನ್ನ ಹೆಸರಿಂದ ಅನ್, ಇವರದ್ರಿಂದ ರಿ ಮತ್ತೆ ಜಾ. ತುಂಬಾ ಯುನೀಕ್. ಬೇರೆ ಯಾರಿಗೂ ಇಲ್ಲ," ಎಂದಳು ಅನಘಾ.

"ಯಾಕೆ ಯಾರೂ ಇಟ್ಕೊಂಡಿಲ್ಲ ಅಂತ ಯೋಚನೆ ಮಾಡಿದ್ಯಾ?"

"ಎಲ್ಲರ ಮಗೂಗೂ ನೀವೇ ಹೆಸರಿಟ್ಟಿದೀರಲ್ಲ ಅಕ್ಕ. ನನ್ನ ಮಗು ಒಂದನ್ನ ನನಗೆ ಬಿಡಿ."

ಜಗದಾಂಬಾ ತಮ್ಮನ ಕಡೆ ತಿರುಗಿದಳು. "ನೀನು ಅಂಗಡೀಗೆ ಬಂದು ಏನಂದಿದ್ದೆ?"

"ಅಕ್ಕಾ, ಇವತ್ತು ಬೇಡ ಬಿಡು," ಎಂದು ಅವನು ಊಟದ ವ್ಯವಸ್ಥೆ ನೋಡುವವನಂತೆ ಆಚೆ ಜಾರಿಕೊಂಡ. ಎಂಥ ಹೇಡಿಯನ್ನು ಸಾಕಿದೆ ಎಂದು ಅವಳಿಗೆ ಅಸಹ್ಯವಾಯಿತು.

ಮಗುವನ್ನು ತೊಟ್ಟಿಲಿಗೆ ಹಾಕಿ ಅವಳು ಬಗ್ಗಿದಳು. ಹೆಂಗಸರು ಕೈ ಎತ್ತಿ ಸುತ್ತುಗಟ್ಟಿದರು. ನೀಲಾಂಬಿಕಾ ನಾಲಿಗೆಯ ತುದಿಯಲ್ಲಿತ್ತು.

"ಆಂಟಿ, ಸ್ವಲ್ಪ ಈ ಕಡೆ," ಎಂದ ಫೋಟೋದ ಹುಡುಗ. "ತುಟಿ ಆಡಿಸ್ತಾ ಇರಿ ಸಾಕು. ಏನ್ ಬೇಕಾದ್ರೂ ಹೇಳಿ, ವಿಡಿಯೋದಲ್ಲಿ ಆಡಿಯೋ ಇರಲ್ಲ. ಮೇಲೆ ಮ್ಯೂಸಿಕ್ ಹಾಕ್ತೀವಿ."

ಜಗದಾಂಬಾ ನೆಟ್ಟಗಾದಳು. "ಏನ್ ಬೇಕಾದ್ರೂ ಅಂದ್ರೆ?"

"ಅಯ್ಯೋ, ನಿಮಗಿಷ್ಟ ಬಂದಿದ್ದು ಹೇಳ್ಕೊಳ್ಳಿ ಅಕ್ಕ, ಪರ್ವಾಗಿಲ್ಲ," ಎಂದಳು ಅನಘಾ. "ಬರ್ತ್ ಸರ್ಟಿಫಿಕೇಟ್ ಆಗ್ಲೇ ಆಗಿದೆ."

ಬೇಡ ಎಂದು ಅನಘಾ ಅಡ್ಡ ನಿಂತಿದ್ದರೆ ಜಗದಾಂಬಾ ಕಾದಾಡಿ ಗೆಲ್ಲುತ್ತಿದ್ದಳೋ ಏನೋ. ಆ ಪರ್ವಾಗಿಲ್ಲ ಎನ್ನುವ ಮಾತು ಅವಳನ್ನು ಕೊಂದುಬಿಟ್ಟಿತು.

"ಏನ್ ಹೇಳಿದ್ರೂ ನಡೆಯೋದಾದ್ರೆ ನಾನ್ಯಾಕೆ? ನಿಮ್ಮ ಮ್ಯೂಸಿಕ್ಕೇ ಹೇಳ್ಲಿ," ಎಂದು ಗುಂಪನ್ನು ಸೀಳಿಕೊಂಡು ಹೋಗಿ, ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿಕೊಂಡಳು. ಯಾರಾದರೂ ತಡೆದಾರು ಎಂದುಕೊಂಡಿದ್ದಳು. ಒಬ್ಬರೂ ಬರಲಿಲ್ಲ.

"ಬೇರೆ ಯಾರಾದ್ರೂ ಆಂಟಿ ಬನ್ನಿ, ಬೇಗ," ಎಂದು ಹುಡುಗ ಕೂಗಿದ. ಅನಘಾ ಪಕ್ಕದ ಮನೆಯ ಪ್ರಭಾಳನ್ನು ಮುಂದೆ ತಳ್ಳಿದಳು.

"ನಮ್ಮಲ್ಲಿ ಅಪ್ಪನೇ ಹೇಳೋದಪ್ಪ," ಎಂದು ಪ್ರಭಾ ನಾಚಿಕೊಂಡಳು. "ನಾನೇನ್ ಹೇಳ್ಲಿ?"

"ಒಂದು ಎರಡು ಮೂರು ಅಂತಿರಿ ಆಂಟಿ, ಸಾಕು."

ಪ್ರಭಾ ಬಗ್ಗಿದಳು. "ಒಂದು... ಎರಡು..."

ಬಾಗಿಲ ಹತ್ತಿರವಿದ್ದ ಜಗದಾಂಬಾಳಿಗೆ ಅದು ಕೇಳಿಸಿತು. ಮೈ ಉರಿದುಹೋಯಿತು. ಬ್ಯಾಗನ್ನು ಅಲ್ಲೇ ಎಸೆದು ಬಂದು ಪ್ರಭಾಳ ರಟ್ಟೆ ಹಿಡಿದು ಎಳೆದಳು.

"ಏಳ್ರೀ ಮೇಲೆ! ನನ್ನ ತಮ್ಮನ ಮಗು ಅದು. ಎಣಿಸೋಕೆ ಅದೇನು ಲೋಟಾನಾ?"

ಅವಳು ಮತ್ತೆ ತೊಟ್ಟಿಲಿಗೆ ಬಗ್ಗಿದಳು. ಮಗು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು. ತಾನು ನೀಲಾಂಬಿಕಾ ಎಂದರೆ ಕರೆಯುವವರು ಯಾರು? ನಾಳೆ ಶಾಲೆಯಲ್ಲಿ, ಬೀದಿಯಲ್ಲಿ, ಸಾಯುವತನಕ ಎಲ್ಲರೂ ಈ ಕೂಸನ್ನು ಕರೆಯುವುದು ಗೋಡೆಯ ಮೇಲಿನ ಆ ದರಿದ್ರ ಹೆಸರಿನಿಂದಲೇ. ಮನೆತನದ ಮಕ್ಕಳಲ್ಲಿ ಸೋದರತ್ತೆ ಹೇಳದ ಹೆಸರು ಹೊತ್ತು ತಿರುಗುವವಳು ಇವಳೊಬ್ಬಳೇ ಆಗುತ್ತಾಳೆ. ಅದಾಗಕೂಡದು. ಅಮ್ಮನ ಹೆಸರನ್ನು ಜಗದಾಂಬಾ ನುಂಗಿಕೊಂಡಳು.

"ಅನ್ರಿಜಾ," ಎಂದಳು, ಇಡೀ ಹಾಲ್‌ಗೆ ಕೇಳುವಂತೆ. "ಅನ್ರಿಜಾ. ಅನ್ರಿಜಾ."

ಯಾರ ಗುದ್ದೂ ಬೀಳಲಿಲ್ಲ. ಫೋಟೋದ ಹುಡುಗ ಕ್ಯಾಮೆರಾ ಇಳಿಸಿ ನಿಂತುಬಿಟ್ಟಿದ್ದ.

"ಏನ್ ನೋಡ್ತಿದೀರಾ? ಹೊಡೀರಿ!"

ಹೆಂಗಸರು ಹೂವಿನಿಂದ ಮುಟ್ಟಿದಂತೆ ಮುಟ್ಟಿದರು. ಅನಘಾ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮದುವೆಯಾದಂದಿನಿಂದ ಕೇಳಿಸಿಕೊಂಡ ಮಾತೆಲ್ಲ ಅವಳ ಮುಷ್ಟಿಯಲ್ಲಿತ್ತು. ಒಂದೇ ಗುದ್ದಿಗೆ ಜಗದಾಂಬಾ ಮುಗ್ಗರಿಸಿ ತೊಟ್ಟಿಲ ಸರಪಳಿ ಹಿಡಿದುಕೊಂಡಳು.

ಉಸಿರು ತಿರುಗಿದ ಮೇಲೆ ನೆಟ್ಟಗೆ ನಿಂತು ಅನಘಾಳನ್ನು ದಿಟ್ಟಿಸಿದಳು.

"ಈಗ ನಿಂತಿತು ಹೆಸರು," ಎಂದಳು. "ನೀನಿಟ್ಟಿದ್ದಲ್ಲ ಕಣೇ. ನಾನಿಟ್ಟಿದ್ದು."